ದುಡ್ಡು ಯಾರದು, ದಿನ ಯಾರದು

ಅಪ್ಪ-ಅಮ್ಮನಿಗೆ ವಯಸ್ಸಾಯ್ತು ಅಂದಾಗ ನಾವೆಲ್ಲ ಕೇಳಿಕೊಳ್ಳೋ ಪ್ರಶ್ನೆ ಒಂದೇ: ಅವರನ್ನ ವೃದ್ಧಾಶ್ರಮಕ್ಕೆ ಕಳಿಸೋದು ಸರಿಯೋ ತಪ್ಪೋ? ಇದಕ್ಕೆ ಉತ್ತರ ಕೊಡೋರಿಗೇನೂ ಬರ ಇಲ್ಲ. ಸಿನಿಮಾಗಳು ಕಣ್ಣೀರು ಹಾಕಿಸಿ ಹೇಳಿವೆ, ವಾಟ್ಸಾಪ್ ಫಾರ್ವರ್ಡುಗಳು ದಿನಾ ಬೆಳಗ್ಗೆ ಗುಲಾಬಿ ಹೂವಿನ ಜೊತೆ ಹೇಳುತ್ತವೆ. ಆದರೆ ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡಿಕೊಂಡಿರೋ ನಮ್ಮಂಥವರು ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು ಅನಿಸುತ್ತೆ. ದುಡ್ಡು ಕೊಡೋರು ನಾವು ಅಂದ ಮಾತ್ರಕ್ಕೆ ತೀರ್ಮಾನ ಮಾಡೋರೂ ನಾವೇನಾ?

ಒಂದು ಮನೆ ಊಹಿಸಿಕೊಳ್ಳಿ. ಭಾಲ್ಕಿ ಹತ್ತಿರದ ಒಂದು ಊರು. ಅಪ್ಪ ತೀರಿಕೊಂಡು ಎರಡು ವರ್ಷ ಆಗಿದೆ. ಅವ್ವನಿಗೆ 74. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ದೊಡ್ಡ ಮಗ ಊರಲ್ಲೇ ಹೊಲ ನೋಡ್ಕೊಂಡಿದ್ದಾನೆ. ಮಗಳು ಪುಣೆಯಲ್ಲಿ. ಸಣ್ಣ ಮಗ ಬೆಂಗಳೂರಲ್ಲಿ ಐಟಿ. ಅವನು ರಾತ್ರಿ ಕೂತು ಹುಡುಕಿ, ಬೆಂಗಳೂರಿನ ಹೊರವಲಯದಲ್ಲಿ ಒಂದು ‘ಅಸಿಸ್ಟೆಡ್ ಲಿವಿಂಗ್’ ಜಾಗ ಪತ್ತೆ ಹಚ್ಚಿದ್ದಾನೆ. ಅಂದರೆ, ಆಸ್ಪತ್ರೆ ಅಲ್ಲ, ಬರೀ ಊಟ-ವಸತಿಯ ಆಶ್ರಮವೂ ಅಲ್ಲ. ತಮ್ಮದೇ ಕೋಣೆ, ಜೊತೆಗೆ ಸ್ನಾನಕ್ಕೆ, ಗುಳಿಗೆಗೆ, ಓಡಾಟಕ್ಕೆ ಕೈ ಹಿಡಿಯೋ ಜನ. ತಿಂಗಳಿಗೆ 45 ಸಾವಿರ ಅನ್ನಿ. ವಿಡಿಯೋ ಕಾಲಲ್ಲಿ ಎಲ್ಲರೂ ಸೇರ್ತಾರೆ. ಸಣ್ಣ ಮಗ, “ದುಡ್ಡಿನ ಚಿಂತಿ ಬ್ಯಾಡ ಅಣ್ಣಾ, ನಾ ಕೊಡ್ತೀನಿ” ಅಂತಾನೆ. ಅಲ್ಲಿಗೆ ಚರ್ಚೆ ಮುಗೀತು.

ಈ ಮಗ ಕೆಟ್ಟವನಲ್ಲ. ಒಂದು ಸಂಬಳದಲ್ಲಿ ಮನೆ ಸಾಲದ ಕಂತು, ಮಕ್ಕಳ ಶಾಲೆ ಫೀಸು ಎಲ್ಲ ಕಳೆದು 45 ಸಾವಿರ ಎತ್ತಿಡೋದು ಸಣ್ಣ ಮಾತಲ್ಲ. ಆದರೆ ಆ ಕಾಲಲ್ಲಿ ಇಬ್ಬರು ಬಾಯಿ ಬಿಟ್ಟಿಲ್ಲ. ಒಬ್ಬರು ಅವ್ವ. ಇನ್ನೊಬ್ಬರು ದೊಡ್ಡ ಮಗನ ಹೆಂಡತಿ, ಅಂದರೆ ವೈನಿ. ಆಕೆ ಚಹಾ ಮಾಡ್ತಾ ಒಳಗಿದ್ದಳು.

ಮೊದಲು ವೈನಿ ವಿಷಯ. ನಮ್ಮ ಭಾವನೆ ಸ್ವಲ್ಪ ಬದಿಗಿಟ್ಟು ಲೆಕ್ಕ ಹಾಕೋಣ. ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ ವಾರಕ್ಕೆ 48 ಗಂಟೆ ದುಡಿದರೆ, ಒಬ್ಬ ವೃದ್ಧರ ಪಕ್ಕ ಹಗಲು-ರಾತ್ರಿ ಯಾರಾದರೊಬ್ಬರು ಇರಬೇಕು ಅಂದರೆ ಮೂರೂವರೆ ಜನ ಬೇಕು. ಒಬ್ಬೊಬ್ಬರಿಗೆ ತಿಂಗಳಿಗೆ 15 ಸಾವಿರ ಅಂದುಕೊಂಡರೂ 52,500 ರೂಪಾಯಿ. ಊಟ, ಔಷಧ, ಬಾಡಿಗೆ ಬೇರೆ. ಇದನ್ನೇ ಊರಲ್ಲಿ ಒಬ್ಬ ಸೊಸೆ ಒಂದು ಪೈಸೆ ಇಲ್ಲದೆ ಮಾಡ್ತಾಳೆ. ರೊಟ್ಟಿ ಬಡಿದು, ದನಕ್ಕೆ ಮೇವು ಹಾಕಿ, ಮಕ್ಕಳನ್ನ ಶಾಲೆಗೆ ಕಳಿಸಿ, ಉಳಿದ ಹೊತ್ತಲ್ಲಿ ಮೂರೂವರೆ ಜನರ ಕೆಲಸ. “ನಮ್ಮನೀ ಅವ್ವ ಮನ್ಯಾಗೇ ಇರ್ತಾಳ, ನಾವು ಆಶ್ರಮಕ್ಕ ಕಳ್ಸೋರಲ್ಲ” ಅಂತ ಊರ ಕಟ್ಟೆ ಮೇಲೆ ಎದೆ ತಟ್ಟಿ ಹೇಳೋ ಮಾತಿನ ಬಿಲ್ಲು ಹೋಗೋದು ಆಕೆಗೆ.

ಇದರಲ್ಲೊಂದು ತಮಾಷೆ ನೋಡಿ. 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಹೆತ್ತವರನ್ನ ನೋಡಿಕೊಳ್ಳೋ ಹೊಣೆ ಯಾರದು ಅಂತ ಪಟ್ಟಿ ಕೊಡುತ್ತೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅದರಲ್ಲಿಲ್ಲ. ಸೊಸೆ-ಅಳಿಯಂದಿರನ್ನೂ ಸೇರಿಸೋಕೆ 2019ರಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯ್ತು, ಕಾಯ್ದೆ ಆಗಲಿಲ್ಲ. ಕಾನೂನು ಹೆಸರಿಸಿರೋ ಮಗ ಕಂಪ್ಯೂಟರ್ ಮುಂದೆ ಇರ್ತಾನೆ, ಕಾನೂನು ಹೆಸರಿಸದ ವೈನಿ ಮಲ-ಮೂತ್ರ ಬಳೀತಾಳೆ. ಮಗಳಿಗೂ ಮಗನಷ್ಟೇ ಹೊಣೆ ಅಂತ ಅದೇ ಕಾಯ್ದೆ ಹೇಳುತ್ತೆ. ಆದರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಗಳು ದುಡ್ಡು ಕೊಡ್ತೀನಿ ಅಂದರೆ ಅವಮಾನ ಅಂದ್ಕೋತಾರೆ.

ಹಾಗಾಗಿ ಸಂಸ್ಥೆಯ ಆರೈಕೆ ಅಂದ ಕೂಡಲೇ ಪಾಪ ಅನ್ನೋ ಮಾತನ್ನ ನಾನು ಒಪ್ಪಲ್ಲ. ಹತ್ತು ಜನ ವೃದ್ಧರ ಕೋಣೆಗಳಿಗೆ ರಾತ್ರಿ ಇಬ್ಬರು ಎಚ್ಚರ ಇದ್ದರೆ ಸಾಕಾಗಬಹುದು. ಹತ್ತು ಮನೆಯಲ್ಲಿ ಹತ್ತು ಸೊಸೆಯರು ನಿದ್ದೆಗೆಡೋದಕ್ಕಿಂತ ಇದು ಮೇಲಲ್ವಾ?

ಇನ್ನೂ ಒಂದು ವಿಷಯ. ನಾವು ಸಣ್ಣವರಿದ್ದಾಗ ಎಷ್ಟು ಜನ ಹಾಸ್ಟೆಲ್‌ನಲ್ಲಿ ಬೆಳೆದಿಲ್ಲ? ಔರಾದ್‌ನ ಹಳ್ಳಿಗಳಿಂದ ಬೀದರ್‌ಗೆ, ಬೀದರ್‌ನಿಂದ ಲಾತೂರಿಗೆ, ಕೋಚಿಂಗು, ಪಿಯುಸಿ ಅಂತ ಹತ್ತು-ಹನ್ನೆರಡನೇ ವಯಸ್ಸಿಗೇ ಟ್ರಂಕು ಹಿಡಿದು ಹೋದವರಿದ್ದೇವೆ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಮಠದಲ್ಲಿ ಯಾರ್ಯಾರದೋ ಮನೆ ಮಕ್ಕಳು ಉಂಡು, ಮಲಗಿ, ಓದಿದರು. ಅವರನ್ನೆಲ್ಲ ತಂದೆತಾಯಿ ಕೈಬಿಟ್ಟರು ಅಂತ ಯಾರಾದರೂ ಹೇಳ್ತಾರಾ? ಇಲ್ಲ, ತ್ಯಾಗ ಮಾಡಿ ಓದಿಸಿದರು ಅಂತೀವಿ. ಮಗುವನ್ನ ಬಿಟ್ಟುಬಂದರೆ ತ್ಯಾಗ, ಮುದುಕರನ್ನ ಬಿಟ್ಟುಬಂದರೆ ದ್ರೋಹ. ಕಟ್ಟಡ ಒಂದೇ ಥರದ್ದು. ಮಂಚ, ಮೆಸ್ಸು, ವಾರ್ಡನ್ನು.

ಆದರೆ ವ್ಯತ್ಯಾಸ ಇದೆ, ಅದನ್ನ ಮುಚ್ಚಿಡೋದು ಬೇಡ. ಹಾಸ್ಟೆಲ್‌ಗೆ ರಜೆ ಇರುತ್ತೆ. ದೀಪಾವಳಿಗೆ ಕರ್ಕೊಂಡು ಹೋಗೋಕೆ ಬರ್ತಾರೆ ಅಂತ ಮಗು ದಿನ ಎಣಿಸುತ್ತೆ. ಆ ಕಡೆಗೆ ಒಂದು ದೊಡ್ಡ ಬದುಕು ಕಾದಿರುತ್ತೆ. ಆಶ್ರಮ ಸೇರಿದ ಅವ್ವನಿಗೆ ಎಣಿಸೋಕೆ ಯಾವ ತಾರೀಖು ಕೊಟ್ಟಿದ್ದೀವಿ? ವಾಪಸ್ ಬರೋ ದಿನ ಗೊತ್ತಿದ್ದರೆ ಅದು ವಸತಿ. ಗೊತ್ತಿಲ್ಲದಿದ್ದರೆ ಅಲ್ಲೇ ಕೈಬಿಡೋದು ಶುರುವಾಗುತ್ತೆ, ಕೋಣೆಗೆ ಎಸಿ ಇದ್ದರೂ ಸರಿ. 2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ ಮಕ್ಕಳು 150ಕ್ಕೂ ಹೆಚ್ಚು ಹಿರಿಯರನ್ನ ಬಿಟ್ಟುಹೋಗಿದ್ದಾರೆ ಅಂತ ಹೇಳಿದ್ದರು. ಅವರನ್ನ ಆಸ್ಪತ್ರೆಗೆ ತಂದಿದ್ದು ತಪ್ಪಲ್ಲ, ತಿರುಗಿ ಬರದೇ ಇದ್ದಿದ್ದು ತಪ್ಪು.

ಈಗ ಅವ್ವನ ವಿಷಯ. ಕೇಳಿದ್ದೀವಲ್ಲ ಅಂತೀವಿ ನಾವು. ಕೇಳಿದಾಗ ಆಕೆ ಏನಂದಳು? “ನಿಮಗ ಹ್ಯಾಂಗ ತಿಳೀತದ ಹಾಂಗ ಮಾಡ್ರಪ್ಪಾ, ನಂದೇನದ.” ಇದನ್ನ ನಾವು ‘ಒಪ್ಪಿಗೆ’ ಅಂತ ಬರ್ಕೊಂಡುಬಿಡ್ತೀವಿ. ಸ್ವಲ್ಪ ತಡೀರಿ. ಈ ಹೆಂಗಸು ಔರಾದ್ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಹದಿನಾರಕ್ಕೆ ಭಾಲ್ಕಿಯ ಸೊಸೆಯಾಗಿ ಬಂದವಳು ಅಂದುಕೊಳ್ಳಿ. ಆಗಲೂ ಆಕೆಯನ್ನ ಯಾರೂ ಕೇಳಿರಲಿಲ್ಲ. ಅಪ್ಪ ನಿಶ್ಚಯ ಮಾಡಿದ, ಆಕೆ ಬಂದಳು. ಮನೆ ಎಲ್ಲಿ ಕಟ್ಟಬೇಕು, ಹೊಲ ಯಾವುದು ಮಾರಬೇಕು, ಯಾವುದನ್ನೂ ಕೇಳಲಿಲ್ಲ. ಮರಾಠಿ ಮಾತಾಡೋ ತವರು ಬಿಟ್ಟು ಕನ್ನಡದ ಮನೆಗೆ ಬಂದು ಹೊಂದಿಕೊಂಡಳು. ಐವತ್ತೆಂಟು ವರ್ಷ ಆದಮೇಲೆ ಆಕೆಯ ಜಾಗ ಎರಡನೇ ಸಲ ಬದಲಾಗ್ತಾ ಇದೆ, ಈ ಸಲ ನಿಶ್ಚಯ ಮಾಡಿದವನು ಮಗ. ಜನ್ಮದಲ್ಲಿ ಒಂದು ಸಲವೂ ‘ನಿನಗೇನು ಬೇಕು’ ಅಂತ ಕೇಳಿಸಿಕೊಳ್ಳದವಳಿಗೆ ಒಂದು ಕಾಲಲ್ಲಿ ಕೇಳಿಬಿಟ್ಟರೆ ಉತ್ತರ ಬರೋದಿಲ್ಲ. ‘ನಂದೇನದ’ ಅನ್ನೋದು ಆಕೆ ಕಲಿತ ಒಂದೇ ಉತ್ತರ.

ಅದಕ್ಕೇ ನನಗೆ ತೋಚಿದ ನಿಯಮ ಇಷ್ಟು. ಯಾರ ದುಡ್ಡು ಖರ್ಚಾಗುತ್ತೋ ಅವರಿಗೆ ‘ಎಷ್ಟು’ ಅಂತ ಹೇಳೋ ಹಕ್ಕಿದೆ. ಯಾರ ದಿನ ಖರ್ಚಾಗುತ್ತೋ ಅವರಿಗೆ ‘ಎಲ್ಲಿ, ಹ್ಯಾಂಗ’ ಅಂತ ಹೇಳೋ ಹಕ್ಕಿದೆ. ದಿನ ಖರ್ಚಾಗೋದು ಅವ್ವನದು, ಅವ್ವ ಮನೆಯಲ್ಲಿದ್ದರೆ ವೈನಿಯದೂ ಸಹ. ಸಣ್ಣ ಮಗ 45 ಸಾವಿರಕ್ಕಿಂತ ಜಾಸ್ತಿ ಆಗಲ್ಲ ಅಂದರೆ ಅದು ನ್ಯಾಯ. ಅದೇ ದುಡ್ಡು ‘ಬೆಂಗಳೂರಿಗೆ ಬಂದರೆ ಮಾತ್ರ’ ಅಂದರೆ ಅದು ಬೇರೆ ಮಾತು. ಶ್ರವಣಕುಮಾರನ ಕಥೆ ಹೇಳಿ ಮಕ್ಕಳನ್ನ ಹೆದರಿಸೋರು ಒಂದು ಸಣ್ಣ ವಿಷಯ ಮರೀತಾರೆ. ಬುಟ್ಟಿ ಹೊತ್ತಿದ್ದು ಶ್ರವಣ, ನಿಜ. ಯಾತ್ರೆಗೆ ಹೋಗಬೇಕು ಅನ್ನೋ ಆಸೆ ಮಾತ್ರ ಬುಟ್ಟಿಯಲ್ಲಿ ಕೂತವರದು.

ಇದರ ಬೆಲೆ ನಮ್ಮ ಕಡೆಯವರಿಗೆ ಇನ್ನೂ ಜಾಸ್ತಿ. ಅಸಿಸ್ಟೆಡ್ ಲಿವಿಂಗ್ ಅನ್ನೋ ವ್ಯವಹಾರ ಬೆಳೆದಿರೋದು ಬೆಂಗಳೂರು, ಚೆನ್ನೈ, ಕೊಯಮತ್ತೂರು, ಪುಣೆ, ಹೈದರಾಬಾದಿನಂಥ ಊರುಗಳಲ್ಲಿ. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಅಲ್ಲಿನ ಊಟದ ಕೋಣೆಯಲ್ಲಿ ಇಡ್ಲಿ, ಸಾಂಬಾರ್, ಅನ್ನ ಸಿಗುತ್ತೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಿಂದು ಎಪ್ಪತ್ತು ವರ್ಷ ಕಳೆದ ಹೊಟ್ಟೆ ಅದು. ಆಕೆಯ ಮಾತಲ್ಲಿ ಕನ್ನಡ, ಮರಾಠಿ, ದಖ್ಖನಿ ಮೂರೂ ಕಲಸಿರ್ತಾವೆ. ನೋಡಿಕೊಳ್ಳೋಕೆ ಬರೋ ಹುಡುಗಿಗೆ ಅದು ಅರ್ಧ ಅರ್ಥ ಆಗಲ್ಲ. ‘ಆಯಿ’ ಅಂತ ಕರೆಯೋರು ಯಾರೂ ಇಲ್ಲ, ಎಲ್ಲರಿಗೂ ಆಕೆ ‘ಆಂಟಿ’. ನೋವು ಎಲ್ಲಿದೆ ಅಂತ ಹೇಳೋಕೆ ಭಾಷೆ ಬೇಕು. ಹೇಳಿದ್ದು ಅರ್ಥ ಆಗದಿದ್ದರೆ ಆಕೆ ಹೇಳೋದನ್ನೇ ಬಿಟ್ಟುಬಿಡ್ತಾಳೆ, ನಾವು ‘ಸೆಟ್ ಆದ್ರು’ ಅಂತ ಸಮಾಧಾನ ಪಡ್ತೀವಿ.

ಹಾಗಾದರೆ ಊರ ಹತ್ತಿರ ಏನಿದೆ? ಅದೇ 2007ರ ಕಾಯ್ದೆ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಒಂದು ವೃದ್ಧಾಶ್ರಮವನ್ನ ಸರ್ಕಾರ ಸ್ಥಾಪಿಸಬಹುದು ಅನ್ನುತ್ತೆ. ‘ಬಹುದು’ ಅನ್ನೋ ಶಬ್ದ ಗಮನಿಸಿ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ದೇಶದಲ್ಲಿ 60 ದಾಟಿದವರು ಆಗ ಶೇ 8.6. ಅದೇ ಸರಾಸರಿಯನ್ನ ಬೀದರ್‌ಗೆ ಹಾಕಿದರೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಹಿರಿಯರು. 150 ಜಾಗ ಅಂದರೆ ಸಾವಿರಕ್ಕೆ ಒಬ್ಬರಿಗೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 70 ದಾಟಿದವರಿಗೆ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ತಂದ 5 ಲಕ್ಷದ ಆರೋಗ್ಯ ವಿಮೆಯಾಗಲಿ, ನಾವು ಕಂಪನಿಯಿಂದ ಮಾಡಿಸೋ ವಿಮೆಯಾಗಲಿ, ಲೆಕ್ಕಕ್ಕೆ ಬರೋದು ಆಸ್ಪತ್ರೆಗೆ ಸೇರಿದಾಗ. ಬಿದ್ದು ಸೊಂಟ ಮುರಿದರೆ ವಿಮೆ ಇದೆ, ಬೀಳದಂತೆ ಕೈ ಹಿಡಿಯೋಕೆ ಇಲ್ಲ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಈ ದಿನನಿತ್ಯದ ಆರೈಕೆಗೇ ಪ್ರತ್ಯೇಕ ವಿಮೆ ಶುರು ಮಾಡಿದವು. ಜಪಾನಿನಲ್ಲಿ 40 ದಾಟಿದವರೆಲ್ಲ ಅದಕ್ಕೆ ಕಂತು ಕಟ್ತಾರೆ. ನಮ್ಮಲ್ಲಿ ಆ ಕಂತು ಕಟ್ಟೋದು ವೈನಿ.

ದುಡ್ಡಿಗೆ ಹೊಲವೋ ಮನೆಯೋ ಮಾರೋದು, ಮಕ್ಕಳ ಹೆಸರಿಗೆ ಬರೆಯೋದು ಅಂತ ಮಾತು ಬಂದರೆ ಒಂದು ಎಚ್ಚರ. ಅವ್ವ ಆಸ್ತಿ ಬರೆದುಕೊಡೋದಾದರೆ, ‘ಕೊನೆತನಕ ನೋಡಿಕೊಳ್ಳಬೇಕು’ ಅನ್ನೋ ಷರತ್ತು ಕಾಗದದಲ್ಲಿ ಇರಲಿ. ಆ ಷರತ್ತು ಮುರಿದರೆ ಬರೆದುಕೊಟ್ಟಿದ್ದನ್ನ ರದ್ದು ಮಾಡಿಸೋಕೆ ಕಾಯ್ದೆಯ 23ನೇ ಸೆಕ್ಷನ್ ಇದೆ. ಷರತ್ತು ಇದ್ದದ್ದು ಸಾಬೀತಾಗಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರವನ್ನ ಇದೇ ಸೆಕ್ಷನ್ ಅಡಿ ರದ್ದು ಮಾಡಿದೆ. ನೋಡಿಕೊಳ್ಳದಿದ್ದರೆ ಅರ್ಜಿ ಕೊಡೋದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಜೀವನಾಂಶ ಹೆಚ್ಚೆಂದರೆ ತಿಂಗಳಿಗೆ 10 ಸಾವಿರ. ಮಕ್ಕಳು ಇದನ್ನ ಯಾಕೆ ಹೇಳ್ತಾರೆ ಅಂತ ಅವ್ವ ಕೇಳಬಹುದು. ನಾವೇ ಹೇಳಿದರೆ ಆಕೆಗೆ ಧೈರ್ಯ ಬರುತ್ತೆ, ಅದಕ್ಕೆ.

ನನ್ನ ನಿಯಮಕ್ಕೆ ಒಂದು ಕಷ್ಟದ ಆಕ್ಷೇಪ ಇದೆ. ಮರೆವಿನ ಕಾಯಿಲೆ ಬಂದವರು ಹೇಗೆ ಆರಿಸ್ತಾರೆ? ಗ್ಯಾಸ್ ಹಚ್ಚಿ ಮರೆತುಬಿಡೋರು, ರಾತ್ರಿ ಎರಡಕ್ಕೆ ಬಾಗಿಲು ತೆಗೆದು ತವರಿಗೆ ಹೊರಡೋರು ‘ನಾನಿಲ್ಲೇ ಇರ್ತೀನಿ’ ಅಂದರೆ ಅದನ್ನ ಪಾಲಿಸೋದು ಪ್ರೀತಿಯಲ್ಲ. ಅಲ್ಲಿ ಉಳಿದವರೇ ತೀರ್ಮಾನ ಮಾಡಬೇಕು. ಆದರೆ ಏನನ್ನ ಆಧಾರ ಮಾಡಿಕೊಂಡು? ಆಕೆ ನೆಟ್ಟಗಿದ್ದಾಗ ಏನು ಬಯಸಿದ್ದಳು ಅನ್ನೋದನ್ನ. ಅದು ಗೊತ್ತಿರಬೇಕಂದರೆ ಅರವತ್ತೈದರಲ್ಲೇ ಕೇಳಿರಬೇಕು, ಐಸಿಯು ಮುಂದಿನ ಬೆಂಚಿನ ಮೇಲಲ್ಲ. ಕೆಲವರು ‘ಎಲ್ಲಾದರೂ ಇಡ್ರಿ, ಸೊಸಿಗಿ ತ್ರಾಸ ಕೊಡಬ್ಯಾಡ್ರಿ’ ಅಂತಾರೆ. ಕೆಲವರಿಗೆ ಎಷ್ಟೇ ಅಪಾಯ ಇದ್ದರೂ ತಮ್ಮ ಅಂಗಳವೇ ಬೇಕು. ಬೀಳೋ ಅಪಾಯ ಆಕೆಯ ಮೈಯದು. ಅಪಾಯದ ಚಿಂತೆ ಮಾತ್ರ ನಮ್ಮದು. ನಾವು ಕೊಳ್ಳೋ ಸುರಕ್ಷತೆಯಲ್ಲಿ ಅರ್ಧ ಪಾಲು ನಮ್ಮ ನಿದ್ದೆಗಾಗಿ ಅನ್ನೋದನ್ನ ಒಪ್ಪಿಕೊಂಡರೆ ತೀರ್ಮಾನ ಸ್ವಲ್ಪ ಸ್ವಚ್ಛ ಆಗುತ್ತೆ.

ಎಲ್ಲರೂ ಕೂತು ಸಂಸ್ಥೆಯೇ ಸರಿ ಅಂತಾದರೆ, ವೆಬ್‌ಸೈಟಿನ ಹೂದೋಟ ನೋಡಬೇಡಿ. ಹೇಳದೆ ರಾತ್ರಿ ಎಂಟಕ್ಕೆ ಹೋಗಿ, ಊಟದ ಹೊತ್ತಿಗೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿ. ಅಲ್ಲಿರೋ ಹಿರಿಯರ ಜೊತೆ ಮ್ಯಾನೇಜರ್ ಇಲ್ಲದಾಗ ಮಾತಾಡಿ. ಎದ್ದು ಓಡಾಡೋಕೆ ಆಗದ ದಿನ ಬಂದರೆ ಇಟ್ಕೋತಾರಾ, ವಾಪಸ್ ಕರ್ಕೊಂಡು ಹೋಗಿ ಅಂತಾರಾ? ಎಷ್ಟೋ ಕಡೆ ‘ತಮ್ಮ ಕೆಲಸ ತಾವೇ ಮಾಡಿಕೊಳ್ಳೋರಿಗೆ ಮಾತ್ರ’ ಅನ್ನೋ ಸಾಲು ಒಪ್ಪಂದದ ಕೊನೆಯ ಪುಟದಲ್ಲಿರುತ್ತೆ. ಠೇವಣಿ ಯಾವಾಗ, ಎಷ್ಟು ವಾಪಸ್, ವರ್ಷಕ್ಕೆ ಶುಲ್ಕ ಎಷ್ಟು ಏರುತ್ತೆ, ಬರೆಸಿಕೊಳ್ಳಿ. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳ ವೃದ್ಧಾಶ್ರಮದಲ್ಲಿ ತಿಂಗಳಿಗೆ 25 ಸಾವಿರದವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ, ಅದೂ ನೆನಪಿರಲಿ. ಫೋನು ಅವ್ವನ ಕೈಯಲ್ಲೇ ಇರಲಿ. ಮೊದಲು ಒಂದು ತಿಂಗಳು ಮಾತ್ರ, ಊರಿನ ಮನೆಗೆ ಬೀಗ ಹಾಕದೆ, ಆಕೆಯ ಮಂಚ ತೆಗೆಯದೆ. ಒಲ್ಲೆ ಅಂದರೆ ವಾಪಸ್ ಬರೋ ದಾರಿ ಇರಬೇಕು. ಇಲ್ಲದಿದ್ದರೆ ಆರಿಸಿದ್ದು ಅನ್ನೋ ಮಾತಿಗೆ ಅರ್ಥ ಇಲ್ಲ.

ಊರಲ್ಲೇ ಇರೋದು ಸರಿ ಅಂತಾದರೆ ಆ 45 ಸಾವಿರ ಊರಿಗೆ ಬರಲಿ. ಹಗಲಿಗೆ ಒಬ್ಬ ಹೆಣ್ಣುಮಗಳು, ರಾತ್ರಿಗೆ ಒಬ್ಬರು. ಬಚ್ಚಲಿಗೆ ಹಿಡಿಕೆ, ಜಾರದ ನೆಲ. ವರ್ಷಕ್ಕೆ ಎರಡು ತಿಂಗಳು ವೈನಿಗೆ ಪೂರ್ತಿ ರಜೆ, ಆಗ ಸಣ್ಣ ಮಗನೋ ಮಗಳೋ ಲ್ಯಾಪ್‌ಟಾಪ್ ತಗೊಂಡು ಬಂದು ಅಲ್ಲಿ ಇರಲಿ. ವರ್ಕ್ ಫ್ರಮ್ ಹೋಮ್ ಅಂದರೆ ಯಾವ ಹೋಮ್ ಅಂತ ಕಂಪನಿ ಕೇಳಲ್ಲ. ಮತ್ತೆ ವೈನಿಯ ಹೆಸರಿಗೆ ತಿಂಗಳಿಗೆ ಒಂದಿಷ್ಟು ದುಡ್ಡು, ಆಕೆಯ ಖಾತೆಗೇ. ‘ಮನೆಯವರಿಗೆ ಸಂಬಳ ಕೊಡೋದಾ’ ಅಂತ ಅಣ್ಣ ಸಿಟ್ಟಾಗಬಹುದು. ಆಕೆ ಸಿಟ್ಟಾಗಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ಲೆಕ್ಕ ಪೂರ್ತಿ ಆಗಲ್ಲ. ಆರೈಕೆಗೆ ಬರೋ ಆ ಹೆಣ್ಣುಮಗಳು ಯಾರು? ಔರಾದ್‌ನ ಒಂದು ತಾಂಡಾದವಳು ಅಂದುಕೊಳ್ಳಿ. ಅಲ್ಲಿಂದ ಮುಂಬೈ, ಪುಣೆ, ಹೈದರಾಬಾದ್ ಅಂತ ದುಡಿಯೋಕೆ ಹೋದವರ ಮನೆಗಳಲ್ಲಿ ಉಳಿದಿರೋದು ಮುದುಕರು, ಮೊಮ್ಮಕ್ಕಳು. ಆಕೆಗೂ ಒಬ್ಬ ಅವ್ವ ಇದ್ದಾಳೆ, ಆ ಅವ್ವನಿಗೆ ಆಧಾರ 1,200 ರೂಪಾಯಿ. ನಮ್ಮ ಅವ್ವನ ಆರೈಕೆ ಅಗ್ಗಕ್ಕೆ ಸಿಕ್ಕಿತು ಅಂದರೆ ಇನ್ನೊಬ್ಬರ ಅವ್ವ ಒಂಟಿಯಾದಳು ಅಂತ ಅರ್ಥ. ಚೌಕಾಶಿ ಮಾಡೋ ಜಾಗ ಇದಲ್ಲ. ಸರಿಯಾದ ಸಂಬಳ, ವಾರಕ್ಕೊಂದು ರಜೆ, ಆಕೆಯೂ ತನ್ನ ಊರಿಗೆ ಹೋಗಿಬರೋ ಹಾಗೆ.

ಬಸವಕಲ್ಯಾಣ ಇರೋ ಜಿಲ್ಲೆಯವರು ನಾವು. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಶರಣರು ಬೆಳೆಸಿದ ದಾಸೋಹ ಅನ್ನೋ ವಿಚಾರವನ್ನ ನಾವು ಅನ್ನ ಹಾಕೋದು ಅಂತಷ್ಟೇ ತಿಳ್ಕೊಂಡಿದ್ದೀವಿ. ಆ ಶಬ್ದದಲ್ಲಿ ‘ದಾಸ’ ಇದ್ದಾನೆ. ಕೊಡೋನು ಒಡೆಯ ಆಗಲ್ಲ, ಕೊಟ್ಟು ಆಳು ಆಗ್ತಾನೆ. ಪಂಕ್ತಿಯಲ್ಲಿ ಕೂತವರಿಗೆ ಏನು ಬೇಕು ಅಂತ ಬಡಿಸೋನು ಕೇಳ್ತಾನೆ. ಅಸಿಸ್ಟೆಡ್ ಲಿವಿಂಗ್‌ನ ಶುಲ್ಕ ಕಟ್ಟೋಕೆ ಇಷ್ಟು ಹಳೇ ವಿಚಾರ ಬೇಕಾ ಅಂದರೆ, ಬೇಕು ಅನಿಸುತ್ತೆ ನನಗೆ. ಸಂಬಳ ಜಾಸ್ತಿ ಬರೋರ ಮಾತೇ ಕೊನೆ ಅನ್ನೋದು ಆಫೀಸಿನ ಪದ್ಧತಿ. ಅದನ್ನೇ ಅವ್ವನ ಮಂಚದ ತನಕ ತಂದಿದ್ದೀವಿ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಸೇರ್ತಾರೆ. ಭಜ್ಜಿ, ಅಂಬಲಿ, ರೊಟ್ಟಿ. ಪುಣೆಯ ಮಗಳೂ ಬರ್ತಾಳೆ, ಬೆಂಗಳೂರಿನ ಮಗನೂ ಬರ್ತಾನೆ. ಕೇಳೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಮೊದಲು ವೈನಿಯನ್ನ ಕೇಳಿ, ಎಲ್ಲರ ಮುಂದೆ ಅಲ್ಲ, ಪಾತ್ರೆ ತೊಳೀವಾಗ ಪಕ್ಕ ಕೂತು. ಆಮೇಲೆ ಅವ್ವನನ್ನ. ‘ಎಲ್ಲಿ ಇರ್ತೀ’ ಅಂತ ನೇರ ಕೇಳಬೇಡಿ. ಬೆಳಗ್ಗೆ ಎದ್ದಾಗ ಏನು ಕಾಣಬೇಕು ನಿನಗೆ, ಯಾರ ಕೂಡ ಮಾತಾಡಬೇಕು, ಯಾರ ಕೈಲಿ ಸ್ನಾನ ಮಾಡಿಸಿಕೊಂಡರೆ ನಾಚಿಕೆ ಆಗಲ್ಲ ಅಂತ ಕೇಳಿ. ಆಕೆ ‘ನಂದೇನದ’ ಅಂತಾಳೆ. ಆಗ ಎದ್ದು ಹೋಗಬೇಡಿ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಅಲ್ಲೇ ಕೂತು, ಮತ್ತೊಮ್ಮೆ ಕೇಳಿ.